ಕನ್ನಡಿ ತಿರುಗುವಷ್ಟರಲ್ಲಿ...

ಬ್ಲಾಗಿಗೆ ಧೂಳು ಹಿಡಿದಿದೆ ಅಂತ ಇಬ್ಬರು ಬೈದಾಯ್ತು. ಏನು ಮಾಡೋದು, ಆಫೀಸಿನಲ್ಲಿ ಒಂದು ಷೆಡ್ಯೂಲರ್ ತಲೆ ತಿಂತಾ ಇದೆ. ಅದರ ಬಗ್ಗೆಯೇ ಬರೀತೀನಿ. ಟೆಕ್ನಿಕಲ್ ಅಂತ ಓಡಿಹೋಗಬೇಡಿ, ನಡುವೆ ಗಂಗಾವತಿಯ ಭತ್ತದ ಗದ್ದೆಯೂ ಬರುತ್ತೆ :)

ಸೂಪರ್ ಕಂಪ್ಯೂಟರ್ ಅಂದ್ರೆ ಒಂದೇ ದೊಡ್ಡ ಯಂತ್ರ ಅಲ್ಲ. ಬೆಂಗಳೂರಿನ ಐಐಎಸ್‌ಸಿಯಲ್ಲಿ 2022ರಲ್ಲಿ ಬಂದ ಪರಮ್ ಪ್ರವೇಗ ಇರಲಿ, ಇನ್ಯಾವುದೇ ಇರಲಿ, ನೂರಾರು ಕಂಪ್ಯೂಟರುಗಳು ಒಂದಕ್ಕೊಂದು ಮಾತಾಡ್ತಾ ಒಂದೇ ಲೆಕ್ಕ ಬಿಡಿಸುತ್ತವೆ. ಮಾಮೂಲಿ ಸ್ವಿಚ್ಚಿನಲ್ಲಿ ಫೈಬರಿನಿಂದ ಬಂದ ಬೆಳಕನ್ನು ವಿದ್ಯುತ್ತಾಗಿ ಬದಲಿಸಿ, ವಿಳಾಸ ಓದಿ, ದಾರಿ ಖಾಲಿ ಇಲ್ಲದಿದ್ದರೆ ಬಫರಿನಲ್ಲಿ ಕೂರಿಸಿ, ಮತ್ತೆ ಬೆಳಕು ಮಾಡಿ ಕಳಿಸ್ತಾರೆ. ಆಪ್ಟಿಕಲ್ ಸ್ವಿಚ್ಚಿನಲ್ಲಿ ಇದ್ಯಾವುದೂ ಇಲ್ಲ. ಪುಟ್ಟ ಕನ್ನಡಿಗಳು ತಿರುಗಿ ಬೆಳಕನ್ನು ಬೇರೆ ಫೈಬರಿಗೆ ದಾಟಿಸುತ್ತವೆ, ಅಷ್ಟೇ. ಕರೆಂಟೂ ಕಡಿಮೆ, ತಡವೂ ಕಡಿಮೆ. ಆದರೆ ಬೆಳಕನ್ನು ಕೆರೆ ಕಟ್ಟಿ ನಿಲ್ಲಿಸೋಕಾಗಲ್ಲವಲ್ಲ! ಹಾಗಾಗಿ ಯಾರ ಸರದಿ ಯಾವಾಗ ಅಂತ ಮೊದಲೇ ಗೊತ್ತುಮಾಡಬೇಕು.

ಈ ಕನ್ನಡಿ ತಿರುಗೋಕೆ ಕೆಲವು ಮಿಲಿಸೆಕೆಂಡು ಬೇಕು. ಒಂದು ಮಿಲಿಸೆಕೆಂಡಿನಲ್ಲಿ ಫೈಬರಿನೊಳಗಿನ ಬೆಳಕು ಸುಮಾರು 200 ಕಿ.ಮೀ. ಹೋಗಿರುತ್ತೆ, ಹೆಚ್ಚುಕಡಿಮೆ ಮುನಿರಾಬಾದಿನಿಂದ ರಾಯಚೂರಿನ ಕಡೆ ಹೋಗುವ ತುಂಗಭದ್ರಾ ಎಡದಂಡೆ ಕಾಲುವೆಯ ಉದ್ದ. 400 ಗಿಗಾಬಿಟ್ಟಿನ ಕೊಂಡಿ 10 ಮಿಲಿಸೆಕೆಂಡು ಸುಮ್ಮನಿದ್ದರೆ 500 ಮೆಗಾಬೈಟು ಹೋಯ್ತು ಅಂತಲೇ ಲೆಕ್ಕ. ಅದಕ್ಕೇ ಪದೇ ಪದೇ ತಿರುಗಿಸೋ ಹಾಗಿಲ್ಲ. ತಿರುಗಿಸದೇ ಇದ್ದರೆ ಉಳಿದವರು ಕಾಯಬೇಕು.

ಗಂಗಾವತಿ ಕಡೆ ಉಪಕಾಲುವೆಯ ಕೊನೆಯಲ್ಲಿ ನಮ್ಮ ಮಾವನ ಗದ್ದೆ ಇದೆ. ಅವರು ಇದನ್ನೇ ಯಾವ ಓದಿಲ್ಲದೆ ಹೇಳ್ತಾರೆ: "ಅರ್ಧ ದಿನ ನೀರು ಬಿಟ್ರ ಏನ್ ಬಂತೋ ತಮ್ಮಾ, ಒಣಗಿದ ಕಾಲುವೀನ ಕುಡದು ಬಿಡ್ತೈತಿ." (ನಾವು ಕುಷ್ಟಗಿ ಕಡೆಯವರು. ಮಳೆ ಬಂದ್ರೆ ಸಜ್ಜೆ, ಇಲ್ಲಾಂದ್ರೆ ಗುಳೆ. ನಮಗೂ ಯಲಬುರ್ಗಾದವರಿಗೂ ಕಾಲುವೆ ನೀರಿಗೆ ಜಗಳ ಆಡೋದೂ ಒಂದು ಭಾಗ್ಯವೇ.)

ಗೂಗಲ್‌ನವರು ಈ ಸಮಸ್ಯೆಯನ್ನು ಜಾಣತನದಿಂದ ಪಕ್ಕಕ್ಕಿಟ್ಟರು. ಅವರು 2023ರಲ್ಲಿ ವಿವರ ಪ್ರಕಟಿಸಿದ ಟಿಪಿಯು ವಿ4 ಯಂತ್ರದಲ್ಲಿ 4096 ಚಿಪ್ಪು, 48 ಆಪ್ಟಿಕಲ್ ಸ್ವಿಚ್ಚು. ಲೆಕ್ಕ ಶುರುವಾಗುವ ಮೊದಲು ಕನ್ನಡಿ ಹೊಂದಿಸಿಬಿಡ್ತಾರೆ, ಯಾವುದಾದರೂ ಭಾಗ ಕೆಟ್ಟರೆ ಅದನ್ನು ಬಿಟ್ಟು ಬೇರೆಯದನ್ನು ಜೋಡಿಸ್ತಾರೆ. ಬಿತ್ತುವ ಮೊದಲೇ ಸರದಿ ಬರೆದಿಟ್ಟ ಹಾಗೆ.

ನನ್ನ ಪಾಲಿಗೆ ಬಂದಿರೋದು ನಡುನಡುವೆ ತಿರುಗಿಸುವ ಕೆಲಸ. ಒಟ್ಟು ಎಷ್ಟು ಡೇಟಾ ಹೋಯ್ತು ಅನ್ನೋದನ್ನಷ್ಟೇ ಹೆಚ್ಚಿಸುತ್ತಾ ಹೋದರೆ ದೊಡ್ಡ ರಾಶಿ ಇರೋರಿಗೇ ಮತ್ತೆ ಮತ್ತೆ ಸರದಿ. ಗ್ರಾಫ್ ಚೆನ್ನಾಗಿ ಕಾಣುತ್ತೆ, ಮೂಲೆಯ ರ‍್ಯಾಕ್ ಕಾಯ್ತಾ ಇರುತ್ತೆ. ಆದರೆ ಸೂಪರ್ ಕಂಪ್ಯೂಟರಿನಲ್ಲಿ ಎಲ್ಲರೂ ಒಂದು ಹಂತ ಮುಗಿಸದೆ ಮುಂದಿನ ಹಂತ ಶುರುವಾಗಲ್ಲ. ಕೊನೆಯವನು ನಿಂತರೆ ಮೊದಲನೆಯವನೂ ನಿಲ್ಲಬೇಕು! ಹಾಗಾಗಿ ಕೊನೆಯವನ ಚಿಂತೆ ಎಲ್ಲರಿಗೂ ಇರುತ್ತೆ. ಕಾಲುವೆಯಲ್ಲಿ ಹಾಗಲ್ಲ. ಮಾವನ ಭತ್ತ ಒಣಗಿದರೆ ಮೇಲಿನ ಗದ್ದೆಯವರ ಕೊಯ್ಲು ಒಂದು ದಿನವೂ ತಡವಾಗಲ್ಲ.

2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯ್ತಲ್ಲ, ಆ ವಾರವಿಡೀ ಮಾವ ಫೋನಿನಲ್ಲಿ ಒಂದೇ ಕೇಳ್ತಿದ್ದರು, ಎಷ್ಟು ಉಳೀತೈತಿ ಅಂತ. ಕನ್ನಯ್ಯ ನಾಯ್ಡು ಅವರ ತಂಡ ಹರಿಯೋ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿತು, ಆಮೇಲೆ ಮಳೆ ಬಂದು ಜಲಾಶಯ ಮತ್ತೆ ತುಂಬಿತು, ಆ ಸಲ ಬೆಳೆ ದಕ್ಕಿತು. ಈಗ ಮಾತ್ರ ಗದ್ದೆಯನ್ನು ಲಾವಣಿಗೆ ಕೊಡೋ ಮಾತು ಆಡ್ತಿದ್ದಾರೆ. ಅತ್ತೆಗೆ ಒಪ್ಪಿಗೆ ಇಲ್ಲ.

ಮೊನ್ನೆ ನನ್ನ ಕೆಲಸ ವಿವರಿಸಿದಾಗ ಮಾವ ಕೇಳಿದ್ದು: "ನಿಮ್ಮಲ್ಲಿ ಕೊನೀಯವ್ರಿಗೆ ಮೊದ್ಲ ಬಿಡ್ತೀರೇನು?" ಹೆಚ್ಚು ಕಾದವರಿಗೆ ಹೆಚ್ಚು ತೂಕ ಕೊಡೋ ಒಂದು ಸಾಲು ಸೇರಿಸಿದ್ದೀನಿ ಅಂದೆ. ಒಟ್ಟು ವೇಗ ಸ್ವಲ್ಪ ಇಳಿಯುತ್ತೆ. ಸೋಮವಾರ ರಿವ್ಯೂ ಇದೆ, ನೋಡೋಣ.