ಪಟ್ಟಿಯಲ್ಲಿಲ್ಲದ ಹೆಪ್ಪು

ಕೊಲೊಕಿಯಂಗೆ ಮೂರು ವಾರ ಉಳಿದಿತ್ತು. ನನ್ನ ಲ್ಯಾಪ್‌ಟಾಪಿನಲ್ಲಿ ಎರಡು ವರ್ಷದಿಂದ ತಕರಾರಿಲ್ಲದೆ ಓಡುತ್ತಿದ್ದ ಪ್ರೋಗ್ರಾಮನ್ನು ವಿಭಾಗದ ಹೊಸ ಕಂಪ್ಯೂಟರಿನಲ್ಲೂ ಹಾಕಿಡು, ಮುಂದೆ ಬರುವವರಿಗೆ ಬೇಕಾಗುತ್ತೆ ಎಂದು ಮಾರ್ಗದರ್ಶಕರು ಹೇಳಿದ್ದರು. ಅರ್ಧ ಗಂಟೆಯ ಕೆಲಸವೆಂದುಕೊಂಡು ಊಟ ಮುಗಿಸಿ ಹೋಗಿ ಕೂತೆ. ಬಿಲ್ಡ್ ಆಯಿತು, ಒಂದೂ ದೋಷ ತೋರಿಸಲಿಲ್ಲ. ಹೊಸ ಕಡತಗಳನ್ನು ಕೊಟ್ಟೆ, ಎಣಿಸಿಕೊಟ್ಟಿತು. 2003ರ ಒಂದು ಹಳೆಯ ಕರಪತ್ರ ಕೊಟ್ಟೆ. ಪರದೆಯ ಮೇಲೆ ಕೆಂಪು ಗುರುತಿನ ಪೆಟ್ಟಿಗೆಯೊಂದು ಎದ್ದಿತು. ಇಂಥ ಕಡತವನ್ನು, ಅಥವಾ ಅದು ಅವಲಂಬಿಸಿರುವ ಯಾವುದೋ ಒಂದನ್ನು, ತೆರೆಯಲಾಗಲಿಲ್ಲ ಎಂದು ಅದರ ಇಂಗ್ಲಿಷಿನ ತಾತ್ಪರ್ಯ.

ಆ 'ಅಥವಾ'ದಲ್ಲೇ ನನ್ನ ಎರಡು ದಿನ ಹೋದವು.

ನಾನು ಕಂಪ್ಯೂಟರ್ ಓದಿದವನಲ್ಲ, ಭಾಷಾವಿಜ್ಞಾನದವನು. ಆರೋಗ್ಯದ ಕರಪತ್ರ, ಕಿರುಹೊತ್ತಿಗೆಗಳಲ್ಲಿ ಕಾಯಿಲೆಗಳ ಹೆಸರು ಇಪ್ಪತ್ತು ವರ್ಷದಲ್ಲಿ ಹೇಗೆ ಬದಲಾಗಿವೆ ಎನ್ನುವುದು ನನ್ನ ವಿಷಯ. ಸಕ್ಕರೆ ಕಾಯಿಲೆ ಯಾವಾಗ ಮಧುಮೇಹವಾಯಿತು, ಲಕ್ವ ಹೊಡೆದವನಿಗೆ ಪಾರ್ಶ್ವವಾಯು ಯಾವಾಗ ಬಂತು, ಹೀಗೆ. ಮೂರನೆಯ ಅಧ್ಯಾಯದಲ್ಲಿ ನಾನು ಹೆಮ್ಮೆಪಟ್ಟುಕೊಂಡ ಒಂದು ಪ್ಯಾರಾ ಇತ್ತು: ಹಳೆಯ ಕರಪತ್ರಗಳು ಜನರ ಬಾಯಿಯ 'ಲಕ್ವ'ವನ್ನೇ ಬಳಸುತ್ತಿದ್ದವು, ನಂತರದವು ಅದನ್ನು ಬಿಟ್ಟು 'ಪಾರ್ಶ್ವವಾಯು'ವನ್ನು ಹಿಡಿದವು, ಆಡಳಿತದ ಕನ್ನಡ ಜನರ ಕನ್ನಡದಿಂದ ದೂರ ಸರಿದದ್ದಕ್ಕೆ ಇದು ಸಾಕ್ಷಿ ಎಂದು. ಜೊತೆಗೊಂದು ಗ್ರಾಫ್. ಒಂದು ಗೆರೆ ಇಳಿಯುತ್ತದೆ, ಇನ್ನೊಂದು ಏರುತ್ತದೆ, ನಡುವೆ ಒಂದು ಅಂದವಾದ ಕತ್ತರಿ. ಸೆಮಿನಾರಿನಲ್ಲಿ ಅದನ್ನು ತೋರಿಸಿದಾಗ ಹಿಂದಿನ ಸಾಲಿನವರೂ ಮೊಬೈಲ್ ಬದಿಗಿಟ್ಟು ನೋಡಿದ್ದರು.

ಎಣಿಸುವ ಪ್ರೋಗ್ರಾಮ್ ನಾನು ಬರೆದದ್ದಲ್ಲ. ಲ್ಯಾಬಿನಲ್ಲಿ ಒಬ್ಬರ ನಂತರ ಒಬ್ಬರು ಸೇರಿಸುತ್ತಾ ಬಂದದ್ದು. ವಿಷುವಲ್ ಸ್ಟುಡಿಯೋದಲ್ಲಿ ಹಲವು ಪ್ರಾಜೆಕ್ಟುಗಳ ಗಂಟಿಗೆ 'ಸೊಲ್ಯೂಷನ್' ಎನ್ನುತ್ತಾರೆ. ಸಮಸ್ಯೆಗಳನ್ನೆಲ್ಲ ಒಟ್ಟಿಗೆ ಕಟ್ಟಿ ಪರಿಹಾರ ಎಂದು ಹೆಸರಿಟ್ಟವರು ಯಾರೋ ತಮಾಷೆಯ ಮನುಷ್ಯರೇ ಇರಬೇಕು. ನಮ್ಮ ಸೊಲ್ಯೂಷನ್‌ನಲ್ಲಿ ಐದು ಪ್ರಾಜೆಕ್ಟುಗಳು. ಈ ಕತೆಗೆ ಮೂರು ತುಣುಕು ಸಾಕು. ಎಣಿಕೆ ಮಾಡುವುದೊಂದು. ಅದು ಕರೆಯುವ, ಪದಗಳನ್ನು ಬಿಡಿಸುವ ಇನ್ನೊಂದು. ಪದ ಬಿಡಿಸುವುದು ತನ್ನ ಪಾಡಿಗೆ ಕರೆಯುವ ಮೂರನೆಯದು, ಪರಿವರ್ತಕ. ಇದು ಹಳೆಯ ನುಡಿ ಫಾಂಟಿನ ಬರಹವನ್ನು ಯೂನಿಕೋಡಿಗೆ ತಿರುಗಿಸುತ್ತದೆ. ಇದನ್ನು ಬರೆದವರು ನಾನು ಸೇರಿದ ವರ್ಷವೇ ಪಿಎಚ್‌ಡಿ ಅರ್ಧಕ್ಕೆ ಬಿಟ್ಟು ಸಾಗರದ ಕಡೆ ಹೊರಟುಹೋದ ಹಿರಿಯ ಅಕ್ಕ. ಈಗ ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತಾರೆ.

ಮೊದಲ ದಿನ ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಹೊಸ ಕಂಪ್ಯೂಟರಿನ ಔಟ್‌ಪುಟ್ ಫೋಲ್ಡರ್ ನೋಡಿದೆ. ಪದ ಬಿಡಿಸುವ ಕಡತ ಬಂದು ಕೂತಿದೆ, ಪರಿವರ್ತಕ ಬಂದಿಲ್ಲ. ನನ್ನ ಲ್ಯಾಪ್‌ಟಾಪಿನ ಅದೇ ಫೋಲ್ಡರಿನಲ್ಲಿ ಅದು ಇದೆ. ಪೆನ್‌ಡ್ರೈವಿಗೆ ಹಾಕಿಕೊಂಡು ಬಂದು ಇಲ್ಲಿ ಇಟ್ಟೆ. ಮತ್ತೆ ಅದೇ ಪೆಟ್ಟಿಗೆ, ಅದೇ ಹೆಸರು. ಕಡತ ಕಣ್ಣೆದುರಿಗೇ ಇದೆ, ಸಿಕ್ಕಲಿಲ್ಲ ಅನ್ನುತ್ತಿದೆ! ಇನ್‌ಸ್ಟಾಲ್ ಮಾಡಿದ್ದನ್ನೇ ಮತ್ತೆ ಇನ್‌ಸ್ಟಾಲ್ ಮಾಡಿ ಸಂಜೆಯಾಯಿತು. ರಾತ್ರಿ ಹಾಸ್ಟೆಲಿನಲ್ಲಿ ಎರಡೂ ಸಲದ ವಾಕ್ಯಗಳನ್ನು ಅಕ್ಕಪಕ್ಕ ಇಟ್ಟು ಓದಿದಾಗ ಬಾಲ ಬೇರೆಬೇರೆ ಇರುವುದು ಕಂಡಿತು. ಮೊದಲನೆಯದು 'ಫೈಲ್' ಸಿಕ್ಕಲಿಲ್ಲ ಎಂದಿತ್ತು, ಎರಡನೆಯದು 'ಮಾಡ್ಯೂಲ್' ಸಿಕ್ಕಲಿಲ್ಲ ಎಂದಿತ್ತು. ಪರಿವರ್ತಕದ ಒಳಭಾಗ ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದದ್ದು. ಅದಕ್ಕೆ ಮೈಕ್ರೋಸಾಫ್ಟಿನ ವಿಷುವಲ್ ಸಿ ಪ್ಲಸ್ ಪ್ಲಸ್ ರನ್‌ಟೈಮ್ ಬೇಕು. ನನ್ನ ಲ್ಯಾಪ್‌ಟಾಪಿಗೆ ಬೇರೆ ಯಾವುದೋ ಸಾಫ್ಟ್‌ವೇರ್ ಬರುವಾಗ ಅದನ್ನೂ ಕರೆದುಕೊಂಡು ಬಂದಿತ್ತು. ಹೊಸ ಯಂತ್ರಕ್ಕೆ ಯಾರೂ ತಂದಿರಲಿಲ್ಲ. ಮಾರನೆಯ ಬೆಳಿಗ್ಗೆ ಅದನ್ನು ಹಾಕಿದೆ. ಪ್ರೋಗ್ರಾಮ್ ಓಡಿತು. 2003ರ ಕರಪತ್ರವನ್ನೂ ಎಣಿಸಿತು.

ಅಲ್ಲಿಗೇ ಎದ್ದು ಹೋಗಬಹುದಿತ್ತು. ಆದರೆ ಮುಂದಿನವರಿಗೆ ಒಂದು ಟಿಪ್ಪಣಿ ಬರೆದಿಡಬೇಕು, ಪರಿವರ್ತಕ ತಾನಾಗಿ ಯಾಕೆ ಬರಲಿಲ್ಲ ಎಂದು ತಿಳಿಯದೆ ಏನು ಬರೆಯುವುದು? ಅಕ್ಕನಿಗೆ ಫೋನ್ ಮಾಡಿದೆ.

"ಅಯ್ಯೋ, ಅದಿನ್ನೂ ಜೀವಂತ ಇದೆಯೇನೋ?" ಅಂದರು. ಹಿಂದಿನಿಂದ ಕುಕ್ಕರ್ ಕೂಗುತ್ತಿತ್ತು.

ಅವರು ವಿವರಿಸಿದ್ದನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಮದುವೆಗೆ ಅಡುಗೆ ಭಟ್ಟರು ಸಾಮಾನಿನ ಪಟ್ಟಿ ಬರೆದುಕೊಡುತ್ತಾರಲ್ಲ, ಹಾಗೆ ಪ್ರತಿಯೊಂದು ಪ್ರಾಜೆಕ್ಟೂ ಬಿಲ್ಡ್ ಆಗುವಾಗ ತನಗೆ ಬೇಕಾದವುಗಳ ಪಟ್ಟಿಯೊಂದನ್ನು ತನ್ನ ಕಡತದೊಳಗೆ ಬರೆದುಕೊಳ್ಳುತ್ತದೆ. ಎಂಎಸ್‌ಬಿಲ್ಡ್ ಎನ್ನುವ ಯಜಮಾನ ಆ ಪಟ್ಟಿ ಓದಿ, ಅದರಲ್ಲಿದ್ದದ್ದು ಪಕ್ಕದಲ್ಲೇ ಸಿಕ್ಕಿದರೆ ಮುಂದಿನ ಮನೆಗೆ ಸಾಗಿಸುತ್ತಾನೆ. ಆದರೆ ಸಿ ಶಾರ್ಪ್ ಕಂಪೈಲರ್ ಬಲು ಜಿಪುಣ. ನಾವು ರೆಫರೆನ್ಸ್ ಕೊಟ್ಟಿದ್ದರೂ, ಕೋಡಿನಲ್ಲಿ ಅದನ್ನು ನಿಜವಾಗಿ ಬಳಸಿದ್ದು ಕಾಣದಿದ್ದರೆ ಪಟ್ಟಿಯಲ್ಲಿ ಬರೆಯುವುದಿಲ್ಲ. ಅಕ್ಕ ನುಡಿ, ಬರಹ, ಶ್ರೀಲಿಪಿ ಹೀಗೆ ಬೇರೆಬೇರೆ ಫಾಂಟಿಗೆ ಬೇರೆಬೇರೆ ಪರಿವರ್ತಕ ಹಾಕಲು ಬರಲಿ ಎಂದು ಅದರ ಹೆಸರನ್ನು ಕಾನ್ಫಿಗ್ ಕಡತದಲ್ಲಿ ಬರೆದು, ಓಡುವಾಗ ಹೆಸರು ಹಿಡಿದು ಕರೆಯುವ ಹಾಗೆ ಮಾಡಿದ್ದರು. ಅಂದರೆ ಭಟ್ಟರು ಪಟ್ಟಿಯನ್ನೆಲ್ಲ ಬರೆದು, "ಹೆಪ್ಪಿಗೆ ಮೊಸರು ನಿಮ್ಮನೇಲೇ ಇರತ್ತಲ್ಲ" ಎಂದು ಬಾಯಲ್ಲಿ ಹೇಳಿ ಹೋದ ಹಾಗೆ. ಮನೆಯಲ್ಲಿ ಇರುತ್ತದೆ ನಿಜ. ಛತ್ರದಲ್ಲಿ ಎಲ್ಲಿರುತ್ತದೆ?

"ಸರಿ, ಹಾಗಾದರೆ ನನ್ನ ಲ್ಯಾಪ್‌ಟಾಪಿನಲ್ಲಿ ಹೇಗಿತ್ತು?" ಎಂದು ಕೇಳಿದೆ.

ಫೋನಿನಲ್ಲಿ ಒಂದು ಕ್ಷಣ ಸದ್ದಿಲ್ಲ. ಆಮೇಲೆ, "ಮಾರಾಯ, ನೀನು ಸೇರಿದ ಮೊದಲ ವಾರ ನಾನೇ ಅಲ್ಲವೇನೋ ಪೆನ್‌ಡ್ರೈವಲ್ಲಿ ಕೊಟ್ಟಿದ್ದು, ಸದ್ಯಕ್ಕೆ ಇಲ್ಲಿ ಇಟ್ಕೋ ಅಂತ? ಈಗ ಹೊಸ ಯಂತ್ರಕ್ಕೆ ಹಾಕಿದ್ದು ಅದನ್ನೇನಾ? ಅದರ ತಾರೀಖು ನೋಡು."

ನೋಡಿದೆ. ಸೊಲ್ಯೂಷನ್ ಒಳಗೆ ಅಕ್ಕ ಹೊರಡುವ ಮುಂಚೆ ಇಟ್ಟುಹೋಗಿದ್ದ ಪರಿವರ್ತಕ ಅದಕ್ಕಿಂತ ಏಳು ವಾರ ಹೊಸದು. ಪದ ಬಿಡಿಸುವ ಪ್ರಾಜೆಕ್ಟಿನ ಫೋಲ್ಡರಿಗೆ ಪ್ರತಿ ಸಲ ಹೊಸದು ಬರುತ್ತಲೇ ಇತ್ತು. ಅಲ್ಲಿಂದ ಮುಂದೆ, ಎಣಿಕೆಯ ಫೋಲ್ಡರಿಗೆ, ಪಟ್ಟಿಯಲ್ಲಿಲ್ಲದ ಕಾರಣ ಬರಲಿಲ್ಲ. ಅಲ್ಲಿ ನಾನು ಕೈಯಾರೆ ಇಟ್ಟ ಹಳೆಯದು ಭದ್ರವಾಗಿ ಕೂತಿತ್ತು. ನಡುನಡುವೆ 'ಕ್ಲೀನ್' ಒತ್ತುತ್ತಿದ್ದೆ. ಆದರೆ ಅದು ತಾನು ತಂದು ಹಾಕಿದ್ದನ್ನು ಮಾತ್ರ ತೆಗೆಯುತ್ತದೆ, ನಾವು ತಂದಿಟ್ಟದ್ದರ ತಂಟೆಗೆ ಹೋಗುವುದಿಲ್ಲ.

"ಅಕ್ಕ, ಹಳೆಯದರಲ್ಲಿ ಏನು ತೊಂದರೆ ಇತ್ತು?"

"ಅರ್ಕಾವತ್ತು."

ಹಳೆಯ ಫಾಂಟುಗಳಲ್ಲಿ ಅಕ್ಷರಗಳು ಕಣ್ಣಿಗೆ ಕಾಣುವ ಕ್ರಮದಲ್ಲಿ ಕೂತಿರುತ್ತವೆ. ಅರ್ಕಾವತ್ತು ನಾವು ಬರೆಯುವ ಹಾಗೆಯೇ ಅಕ್ಷರದ ನಂತರ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ, ಆದ್ದರಿಂದ ಅರೆ ರಕಾರ ಮೊದಲು ಬರಬೇಕು. ತಿರುಗಿಸುವವರು ಅದನ್ನು ಎತ್ತಿ ಹಿಂದಕ್ಕೆ ಹಾಕಬೇಕು. ಎಷ್ಟು ಹಿಂದಕ್ಕೆ ಎನ್ನುವುದೇ ಪ್ರಶ್ನೆ. ಸರಿಯಾಗದಿದ್ದರೆ ಏನಾಗುತ್ತದೆ ಎನ್ನುವುದನ್ನು ಅಂತರ್ಜಾಲದಲ್ಲಿ ಕನ್ನಡ ಓದುವ ನೀವೂ ನೋಡಿರುತ್ತೀರಿ: ವಿದ್ಯಾರ್ಥಿ ಹೋಗಿ 'ವಿದ್ಯಾಥರ್ಿ', ಸಾಮರ್ಥ್ಯ ಹೋಗಿ 'ಸಾಮಥ್ರ್ಯ'. ನನ್ನ ಹತ್ತಿರವಿದ್ದ ಪರಿವರ್ತಕ ವಿದ್ಯಾರ್ಥಿಯನ್ನು ಸರಿಯಾಗಿ ದಾಟಿಸುತ್ತಿತ್ತು. ಅರ್ಕಾವತ್ತಿನ ಅಕ್ಷರಕ್ಕೆ ಇನ್ನೊಂದು ಒತ್ತೂ ಇದ್ದರೆ ಮಾತ್ರ ಎಡವುತ್ತಿತ್ತು. ಅಂಥ ಪದಗಳು ಕಡಿಮೆ. ಸಾಮರ್ಥ್ಯ, ಊರ್ಧ್ವ, ಅರ್ಘ್ಯ.

ಪಾರ್ಶ್ವ.

ಪ್ರೋಗ್ರಾಮಿಗೆ ಗುರುತು ಸಿಗದ ಪದಗಳು 'ಇತರೆ' ಎನ್ನುವ ಕಡತಕ್ಕೆ ಹೋಗಿ ಬೀಳುತ್ತಿದ್ದವು. ಎರಡು ವರ್ಷದಲ್ಲಿ ನಾನು ಅದನ್ನು ಒಮ್ಮೆಯೂ ತೆರೆದು ನೋಡಿರಲಿಲ್ಲ. ಆವತ್ತು ತೆರೆದೆ. 'ಪಾಶ್ರ್ವವಾಯು', 'ಪಾಶ್ರ್ವವಾಯುವಿನ', 'ಪಾಶ್ರ್ವವಾಯುವಿಗೆ', ಪರದೆ ಸರಿಸಿದಷ್ಟೂ. ಹಳೆಯ ಕರಪತ್ರಗಳಲ್ಲಿ ಪಾರ್ಶ್ವವಾಯು ಧಾರಾಳವಾಗಿ ಇತ್ತು. ನಾನು ಎಣಿಸಿರಲಿಲ್ಲ ಅಷ್ಟೇ. ಯೂನಿಕೋಡಿನಲ್ಲೇ ಟೈಪಾದ ಹೊಸ ಕಡತಗಳಿಗೆ ಪರಿವರ್ತಕವೇ ಬೇಡ, ಅವುಗಳಲ್ಲಿ ಎಲ್ಲವೂ ಲೆಕ್ಕಕ್ಕೆ ಸಿಕ್ಕಿತು. ನನ್ನ ಏರುವ ಗೆರೆ ಏರಿದ್ದು ಹಾಗೆ. ಅದು ಭಾಷೆ ಬದಲಾದ ಚಿತ್ರವಲ್ಲ, ಫಾಂಟ್ ಬದಲಾದ ಚಿತ್ರ.

ಒಂದು ವಿಷಯ ಒಪ್ಪಿಕೊಳ್ಳಬೇಕು. ಕ್ಷೇತ್ರಕಾರ್ಯದಲ್ಲಿ ಹಳೆಯ ಕರಪತ್ರಗಳನ್ನು ಕೈಯಲ್ಲಿ ಹಿಡಿದು ಓದಿದ್ದೇನೆ. ಆ ಪದ ಕಣ್ಣಿಗೆ ಬಿದ್ದಿತ್ತು, ಒಮ್ಮೆ ಪೆನ್ಸಿಲಿನಲ್ಲಿ ಗೆರೆಯನ್ನೂ ಎಳೆದಿದ್ದೆ. ಗ್ರಾಫ್ ಅಷ್ಟು ಚೆನ್ನಾಗಿ ಬಂದ ಮೇಲೆ ಪೆನ್ಸಿಲಿನ ಗೆರೆ ನೆನಪಾಗಲಿಲ್ಲ.

ಸರಿಪಡಿಸುವ ಕೆಲಸ ಹತ್ತು ನಿಮಿಷದ್ದು. ಎಣಿಕೆಯ ಪ್ರಾಜೆಕ್ಟಿಗೆ ಪರಿವರ್ತಕದ ಜೊತೆ ನೇರ ವ್ಯವಹಾರವಿಲ್ಲದಿದ್ದರೂ ಅದಕ್ಕೊಂದು ನೇರ ರೆಫರೆನ್ಸ್ ಕೊಟ್ಟು 'ಕಾಪಿ ಲೋಕಲ್' ಟ್ರೂ ಮಾಡಿದೆ. ಬಿನ್, ಆಬ್ಜ್ ಎರಡೂ ಫೋಲ್ಡರುಗಳನ್ನು ಎಲ್ಲ ಪ್ರಾಜೆಕ್ಟುಗಳಿಂದ ಕೈಯಾರೆ ಅಳಿಸಿದೆ. ಮೊದಲಿಂದ ಬಿಲ್ಡ್ ಮಾಡಿದಾಗ ಹೊಸ ತಾರೀಖಿನ ಕಡತ ತಾನಾಗಿ ಬಂದು ಕೂತಿತು. ರನ್‌ಟೈಮಿನ ವಿಷಯವನ್ನು ಟಿಪ್ಪಣಿಯ ಮೊದಲ ಸಾಲಿನಲ್ಲೇ ಬರೆದೆ. ನಂತರ ಎಲ್ಲ ಕಡತಗಳನ್ನೂ ಮತ್ತೆ ಎಣಿಸಲು ಬಿಟ್ಟು ಕ್ಯಾಂಟೀನಿಗೆ ಹೋದೆ. ಬರುವಷ್ಟರಲ್ಲಿ ಹೊಸ ಗ್ರಾಫ್ ಸಿದ್ಧವಾಗಿತ್ತು. ಕತ್ತರಿ ಇಲ್ಲ. ಎರಡು ಗೆರೆಗಳೂ ಸ್ವಲ್ಪ ಏರಿಳಿದು ಒಂದರ ಪಕ್ಕ ಒಂದು ನಡೆದಿವೆ. 'ಪಾರ್ಶ್ವವಾಯು ಅಥವಾ ಲಕ್ವ' ಎಂದು ಎರಡನ್ನೂ ಒಟ್ಟಿಗೆ ಬರೆಯುವ ರೂಢಿ ಮೊದಲಿನಿಂದಲೂ ಇದ್ದಿರಬೇಕು. ನೋಡಬೇಕು.

ಮಾರ್ಗದರ್ಶಕರ ಕೋಣೆಗೆ ಎರಡೂ ಗ್ರಾಫ್ ಹಿಡಿದು ಹೋಗುವಾಗ ಮೆಟ್ಟಿಲಲ್ಲಿ ಎರಡು ಸಲ ನಿಂತೆ. ಹಳೆಯದನ್ನೇ ಇಟ್ಟಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು ಎನ್ನುವ ಯೋಚನೆ ಬರಲಿಲ್ಲ ಎಂದರೆ ಸುಳ್ಳು. ಸರ್ ಎರಡನ್ನೂ ಬಹಳ ಹೊತ್ತು ನೋಡಿದರು. ಬೈಯಲಿಲ್ಲ. "ಕೊಲೊಕಿಯಂ ಮುಂದಕ್ಕೆ ಹಾಕೋಣ. ಇತರೆ ಕಡತ ಪೂರ್ತಿ ಓದಿಕೊಂಡು ಬಾ" ಎಂದರು. ಪ್ರಬಂಧದಲ್ಲಿ ಆ ಪ್ರೋಗ್ರಾಮಿನ ಬಗ್ಗೆ ಬರೆದ ಜಾಗದಲ್ಲಿ 'ವಿಭಾಗದಲ್ಲಿ ರೂಪಿಸಿದ' ಎಂದಷ್ಟೇ ಇರುವುದನ್ನು ಬೆರಳಿಟ್ಟು ತೋರಿಸಿ, "ಇದು ಯಾರು ಮಾಡಿದ್ದು ಅಂತ ಹೆಸರು ಹಾಕು" ಎಂದೂ ಹೇಳಿದರು.

ರಾತ್ರಿ ಅಕ್ಕನಿಗೆ ಮತ್ತೆ ಫೋನ್ ಮಾಡಿದೆ. ಹೆಸರು ಹೇಗೆ ಬರೆಯಲಿ, ಇನಿಶಿಯಲ್ ಮುಂದೆಯೋ ಹಿಂದೆಯೋ ಎಂದು ಕೇಳಿದೆ. ಅವರು ಉತ್ತರ ಪತ್ರಿಕೆ ತಿದ್ದುತ್ತಿದ್ದರು, ಹಾಳೆ ಮಗುಚುವುದು ಕೇಳಿಸುತ್ತಿತ್ತು.

"ಹೆಸರಿಗೆ ಆಮೇಲೆ ಬರೋಣ. ಶ್ರೀಲಿಪಿ ಕಡತ ಎಷ್ಟಿವೆಯೋ ನಿನ್ನ ಹತ್ರ?"

"ನಲವತ್ತರ ಹತ್ತಿರ ಇರಬಹುದು ಅಕ್ಕ. ಯಾಕೆ?"

"ಅದರ ಪರಿವರ್ತಕ ನಾನು ಮುಗಿಸಿರಲಿಲ್ಲ. ಅವನ್ನು ಯಾವುದರಲ್ಲಿ ತಿರುಗಿಸಿದೆ ನೀನು?"

ಲ್ಯಾಪ್‌ಟಾಪ್ ತೆರೆದೆ.