ತೊಂಬತ್ತೊಂಬತ್ತರ ಗತಿ

ಏಪ್ರಿಲ್ ತಿಂಗಳ ಮಂಗಳೂರಿನ ಸೆಕೆಯನ್ನು ಅನುಭವಿಸಿದವರೇ ಬಲ್ಲರು. ಎಲೆ ಅಲುಗದು, ಬೆವರು ಆರದು. ಅಂತಹ ಒಂದು ಬೆಳಗ್ಗೆ ಜೆಪ್ಪಿನ ದೇವಾಲಯವೊಂದರ ಸಭಾಂಗಣದಲ್ಲಿ ಅರುವತ್ತು ಮಂದಿ ಮಕ್ಕಳು ಕುಣಿಕುಣಿದು ಹಾಡುತ್ತಿದ್ದರು. ಅವರ ಮುಂದೆ ನಿಂತು ಅಭಿನಯಿಸಿ ಹಾಡಿಸುತ್ತಿದ್ದ ತರುಣಿಯ ಗಂಟಲು ಎರಡನೆಯ ದಿನಕ್ಕೇ ಬಿದ್ದುಹೋಗಿತ್ತು.

ಇದರ ಹೆಸರು ರಜಾಕಾಲದ ಬೈಬಲ್ ಶಾಲೆ. ಮಕ್ಕಳ ಬಾಯಲ್ಲಿ ‘ವಿ.ಬಿ.ಎಸ್.’. ಹಾಡು, ಕಥೆ, ಕಂಠಪಾಠ, ಕೈಕೆಲಸ, ನಡುವೆ ಅವಲಕ್ಕಿ ಮತ್ತು ಪುನರ್ಪುಳಿಯ ಶರಬತ್ತು. ಕಲಿಸುವವರಿಗೆ ಸಂಬಳವಿಲ್ಲ. ಇಂತಹ ಶಾಲೆಗಳನ್ನು ಮೊದಲು ನಡೆಸಿದವರಲ್ಲಿ ಎಲೈಜಾ ಹಾಸ್ ಎಂಬಾಕೆ ಒಬ್ಬಳು. 1898ರಲ್ಲಿ ನ್ಯೂಯಾರ್ಕಿನ ಬಡವರ ಕೇರಿಯಲ್ಲಿ, ರಜೆಯಲ್ಲಿ ಬೀದಿ ಅಲೆಯುತ್ತಿದ್ದ ಮಕ್ಕಳಿಗಾಗಿ ಆಕೆ ಬಾಡಿಗೆಗೆ ಹಿಡಿದುದು ಒಂದು ಮದ್ಯದಂಗಡಿಯ ಕೊಠಡಿಯನ್ನಂತೆ! ಮಕ್ಕಳನ್ನು ಕೂಡಿಸಲು ಹೊರಟವರು ಜಾಗದ ಮಡಿ-ಮೈಲಿಗೆಯನ್ನು ನೋಡುತ್ತ ಕುಳಿತರೆ ಆಗದು.

ಜೆಪ್ಪಿನಲ್ಲಿ ಜಾಗಕ್ಕೆ ಕೊರತೆಯಿರಲಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು, ಮತಾಂತರದಿಂದ ಮನೆ, ಕಸುಬು ಕಳೆದುಕೊಂಡವರಿಗೆ ಅನ್ನದ ದಾರಿಯಾಗಲೆಂದು ನೇಯ್ಗೆಯ ಶಾಲೆಯನ್ನೂ ಹಂಚಿನ ಕಾರ್ಖಾನೆಯನ್ನೂ ತೆರೆದರು. 1865ರಲ್ಲಿ ಪ್ಲೆಬ್ಸ್ಟ್ ಹಂಚು ಸುಡಿಸತೊಡಗಿದುದು ಇಲ್ಲಿಯೇ, ನೇತ್ರಾವತಿಯ ದಡದಲ್ಲಿ. ಕಿಟ್ಟೆಲರ ನಿಘಂಟು 1894ರಲ್ಲಿ ಅಚ್ಚಾಗಿ ಹೊರಬಂದುದು ಅದೇ ಮಿಶನ್ನಿನ ಮುದ್ರಣಾಲಯದಿಂದ. ಆ ಪರಂಪರೆಯ ಅಂಗಳದಲ್ಲಿ ಕುಳಿತ ಮಕ್ಕಳಿಗೆ ಕನ್ನಡದ ಹಾಡನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಡಬೇಕಾಯಿತು! ತರುಣಿ ಮೊದಲ ರಾತ್ರಿ ಎರಡು ಗಂಟೆಯವರೆಗೆ ಕುಳಿತು ಮಾಡಿದ ಕೆಲಸ ಅದು.

ಮೂರನೆಯ ದಿನ ಲೂಕನ ಸುವಾರ್ತೆಯ ತಪ್ಪಿಹೋದ ಕುರಿಯ ಕಥೆ. ನೂರು ಕುರಿಗಳಲ್ಲಿ ಒಂದು ತಪ್ಪಿಹೋಗಲು, ಕುರುಬನು ತೊಂಬತ್ತೊಂಬತ್ತನ್ನು ಅಡವಿಯಲ್ಲಿ ಬಿಟ್ಟು ಅದೊಂದನ್ನೇ ಹುಡುಕಿಕೊಂಡು ಹೋದನೆಂದು ಆಕೆ ಮನಮುಟ್ಟುವಂತೆ ಹೇಳುತ್ತಿದ್ದಳು. ಆದರೆ ತುಳುನಾಡಿನಲ್ಲಿ ಕುರಿಮಂದೆ ಕಾಣಸಿಗುವುದೇ ಅಪರೂಪ.

“ಕುರಿ ಅಂದ್ರೆ ಏಡಾ ಟೀಚರ್?” ಎಂದಿತು ಒಂದು ಕೂಸು, ತುಳುವಿನಲ್ಲಿ ಆಡನ್ನು ನೆನೆದು.

ಅಲ್ಲವೆಂದು ತಿಳಿಸಿ ಮುಗಿಸುವಷ್ಟರಲ್ಲಿ ಹಿಂದಿನ ಸಾಲಿನಿಂದ ಮತ್ತೊಂದು ಪ್ರಶ್ನೆ: “ಉಳಿದದ್ದನ್ನು ಯಾರು ನೋಡುವುದು ಟೀಚರ್? ನಾಯಿ ಬಂದ್ರೆ?”

ಆಕೆ ಓದಿಕೊಂಡು ಬಂದಿದ್ದ ಪುಸ್ತಕದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ನಕ್ಕು, ಮುಂದಿನ ಹಾಡಿಗೆ ಕೈಯೆತ್ತಿದಳು. ಪಂಡಿತರೂ ಹೀಗೆಯೇ ಮಾಡುವುದುಂಟು.

ಮರುದಿನ ಕೈಕೆಲಸದ ಹೊತ್ತು. ತಲೆ ಎಣಿಸಿದರೆ ಒಂದು ಕಡಿಮೆ. ಮತ್ತೆ ಎಣಿಸಿದಳು, ಐವತ್ತೊಂಬತ್ತೇ. ಹಾಡದೆ, ಆಡದೆ ಮೂಲೆಯಲ್ಲಿ ಕುಳಿತಿರುತ್ತಿದ್ದ ಒಂಬತ್ತು ವರ್ಷದ ಹುಡುಗ ಇರಲಿಲ್ಲ. ಕಕ್ಕಸು, ಬಾವಿಕಟ್ಟೆ, ಮಾವಿನ ಮರದಡಿ, ಎಲ್ಲಿಯೂ ಇಲ್ಲ. ಬಾವಿಗೆ ಬಗ್ಗಿ ನೋಡುವಾಗ ಆಕೆಯ ಎದೆ ನಿಂತಂತಾಯಿತು. ಮಕ್ಕಳನ್ನು ತನಗಿಂತ ಕಿರಿಯಳಾದ ಹುಡುಗಿಯೊಬ್ಬಳಿಗೆ ಒಪ್ಪಿಸಿ ಗೇಟು ದಾಟಿ ಓಡಿದಳು. ಹಿರಿಯರನ್ನು ಕೂಗಿ ಕರೆದು ಹೋಗಬೇಕಿತ್ತು, ನಿಜ. ಆ ಗಳಿಗೆಯಲ್ಲಿ ಅದು ಯಾರಿಗೆ ಹೊಳೆದೀತು?

ಮಹಾಕಾಳಿಪಡ್ಪಿನ ಕಡೆಗೆ ಒಂದು ಮಗು ಹೋದುದನ್ನು ಅಂಗಡಿಯವರು ಕಂಡಿದ್ದರು. ಅಲ್ಲಿ ರೈಲುಹಾದಿಯಿದೆ. ಚಪ್ಪಲಿ ಕಿತ್ತುದನ್ನೂ ಲೆಕ್ಕಿಸದೆ ಆಕೆ ಅಲ್ಲಿಗೆ ತಲಪಿದಾಗ, ಹುಡುಗನು ಹಳಿಯಿಂದ ನಾಲ್ಕು ಮಾರು ದೂರದಲ್ಲಿ, ಹಾದುಹೋಗುತ್ತಿದ್ದ ಗಾಡಿಗೆ ಬೆರಳು ತೋರುತ್ತ ನಿಂತಿದ್ದನು. ಗದ್ದಲ ಅಡಗಿದ ಮೇಲೆ ತಿರುಗಿ, “ಇಪ್ಪತ್ತೆರಡು ಡಬ್ಬಿ” ಎಂದನು. ನಾಲ್ಕು ದಿನಗಳಲ್ಲಿ ಆಕೆ ಕೇಳಿದ ಅವನ ಮೊದಲ ಮಾತು ಅದು. ಹೊಡೆಯಲೆಂದು ಎತ್ತಿದ ಕೈ ಅವನ ಕೈಯನ್ನು ಹಿಡಿಯಿತು. ತಂದೆ ಮುಂಬಯಿಗೆ ಕೆಲಸಕ್ಕೆ ಹೋದುದು ಈ ಹಾದಿಯ ಗಾಡಿಯಲ್ಲಿಯೇ ಎಂಬುದನ್ನು ಅವನ ಅಜ್ಜಿ ಹೇಳಿದುದು ಸಂಜೆಗೆ.

ಹಿಂದಿರುಗಿ ನೋಡಿದರೆ ಐವತ್ತೊಂಬತ್ತರ ಗತಿ ಏನೆಂಬುದು ಸ್ಪಷ್ಟವಾಯಿತು. ನೀಲಿ ಬಣ್ಣದ ಡಬ್ಬಿ ನೆಲದ ಮೇಲೆ ಹರಿದಿತ್ತು, ಇಬ್ಬರು ಗುದ್ದಾಡುತ್ತಿದ್ದರು, ಕಿರಿಯ ಹುಡುಗಿ ಮಕ್ಕಳಿಗಿಂತ ಜೋರಾಗಿ ಅಳುತ್ತಿದ್ದಳು. “ನಾನು ನಿನ್ನೆಯೇ ಕೇಳಿದ್ದೆನಲ್ಲ ಟೀಚರ್!” ಎಂದನು ಹಿಂದಿನ ಸಾಲಿನ ಪ್ರಶ್ನೆಗಾರ, ಮೂಗಿನ ಮೇಲೆ ನೀಲಿ ಬಣ್ಣ ಹೊತ್ತು.

ಅಂದು ರಾತ್ರಿ ಆಕೆ ಮನೆಯಲ್ಲಿ ಊಟ ಮಾಡಲಿಲ್ಲ. ನಾಳೆ ಹೋಗುವುದಿಲ್ಲವೆಂದು ತಾಯಿಗೆ ಹೇಳಿಯೂ ಬಿಟ್ಟಳು. ಬೆಳಗ್ಗೆ ಎಂಟೂವರೆಗೆ, ಎಲ್ಲರಿಗಿಂತ ಮೊದಲು ಬಂದು ಗೇಟಿನ ಸರಪಣಿ ಎಳೆದು ನೋಡುತ್ತಿದ್ದವಳು ಆಕೆಯೇ. ಅಲ್ಲಿಂದಾಚೆ ದಿನಕ್ಕೆ ಮೂರು ಬಾರಿ ಎಣಿಕೆ. ಎಣಿಸುವ ಕೆಲಸವನ್ನು ಆ ಹುಡುಗನಿಗೇ ಒಪ್ಪಿಸಿದಳು. ಅವನ ಲೆಕ್ಕ ಒಮ್ಮೆಯೂ ತಪ್ಪಲಿಲ್ಲ. ಹಾಡು ಮಾತ್ರ ಬಾಯಿಗೆ ಬರಲಿಲ್ಲ.

ಮುಕ್ತಾಯದ ಸಂಜೆ ಹೆತ್ತವರೆಲ್ಲ ನೆರೆದಿದ್ದರು. ಕುರಿಯ ಕಥೆಯೇ ನಾಟಕ. ತಪ್ಪಿಹೋದ ಕುರಿಯ ಪಾತ್ರವನ್ನು ಅವನಿಗೆ ಕೊಡಬೇಕೆಂದು ಆಕೆ ಮೊದಲೇ ನಿಶ್ಚಯಿಸಿದ್ದಳು. ಅವನು ತಲೆಯಲ್ಲಾಡಿಸಿದನು.

“ನಾನು ಉಳಿದದ್ದರಲ್ಲಿ ನಿಲ್ಲುತ್ತೇನೆ ಟೀಚರ್.”

ಪರದೆ ಸರಿದಾಗ ಅಜ್ಜಿ ಕನ್ನಡಕ ಒರೆಸಿಕೊಂಡು, ಹತ್ತಿಯ ಕಿವಿ ಅಂಟಿಸಿಕೊಂಡ ಅಷ್ಟು ಕುರಿಗಳ ನಡುವೆ ಮೊಮ್ಮಗ ಯಾವುದೆಂದು ಬಹಳ ಹೊತ್ತು ಹುಡುಕುತ್ತಿದ್ದಳು.