ಹಾಸಿಗೆ ಇದ್ದಷ್ಟು ಕಾಲು, ಕಾಲು ಇದ್ದಷ್ಟು ಊರು

ಬೇಸಿಗೆ ಬಂದಿತೆಂದರೆ ಬ್ರಿಟನ್ನಿನಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಿಗೆ ಊರಿನಿಂದ ಹಿರಿಯರು ಬರುವ ಕಾಲ. ಮೊದಲ ವಾರ ಚಟ್ನಿಪುಡಿ, ಹಪ್ಪಳ, ಕೋಡುಬಳೆಗಳ ಡಬ್ಬಗಳನ್ನು ಬಿಚ್ಚುವುದರಲ್ಲಿ ಕಳೆಯುತ್ತದೆ. ಎರಡನೆಯ ವಾರ ಲಂಡನ್ ಪ್ರವಾಸದ ಮಾತು ಏಳುತ್ತದೆ. ನಮ್ಮ ಸಂಘದ ಆರೋಗ್ಯ ಶಿಬಿರಗಳಲ್ಲಿ ನಾನು ಸ್ವಯಂಸೇವಕ ವೈದ್ಯನಾಗಿ ಕುಳಿತಿರುವಾಗ, ರಕ್ತದೊತ್ತಡದ ಮಾತು ಮುಗಿದ ಮೇಲೆ ಹಲವರು ಎದ್ದುಹೋಗದೆ ಇನ್ನೊಂದು ಪ್ರಶ್ನೆ ಕೇಳುತ್ತಾರೆ: "ಡಾಕ್ಟ್ರೇ, ಅಪ್ಪ ಅಮ್ಮನಿಗೆ ಲಂಡನ್ ತೋರಿಸಬೇಕು. ಊರ ನಡುವೆ ಒಳ್ಳೆಯ ಹೋಟೆಲು ತುಂಬಾ ದುಬಾರಿ. ದೂರದಲ್ಲಿ ಹಿಡಿದರೆ ಆಗುವುದಿಲ್ಲವೇ?" ಇದನ್ನು ವೈದ್ಯರಲ್ಲಿ ಏಕೆ ಕೇಳುತ್ತಾರೆ ಎಂದು ಯಾರಿಗಾದರೂ ಅನ್ನಿಸಬಹುದು. ನನ್ನ ಮಟ್ಟಿಗೆ ಇದು ವೈದ್ಯರಲ್ಲಿಯೇ ಕೇಳಬೇಕಾದ ಪ್ರಶ್ನೆ.

ನಮ್ಮ ಹಿರಿಯರು ಪ್ರವಾಸದಲ್ಲಿ ಆಡುವ ಒಂದು ಮಾತು ನಮಗೆಲ್ಲ ಪರಿಚಿತವಾದುದು. "ನೀವು ಹೋಗಿ ನೋಡಿಕೊಂಡು ಬನ್ನಿ, ನಾನು ಇಲ್ಲೇ ಕೂತಿರ್ತೀನಿ." ಇದನ್ನು ನಾವು ಅವರ ನಿರಾಸಕ್ತಿ ಎಂದು ತಿಳಿಯುತ್ತೇವೆ, ಕೆಲವೊಮ್ಮೆ ಮಕ್ಕಳ ಮೇಲಿನ ಔದಾರ್ಯವೆಂದು ತಿಳಿಯುತ್ತೇವೆ. ವೈದ್ಯನಾದ ನನಗೆ ಅದರಲ್ಲಿ ಬಹಳ ಸಲ ಒಂದು ರೋಗಲಕ್ಷಣ ಕೇಳಿಸುತ್ತದೆ. ಮಂಡಿ ನೋಯುತ್ತಿರುತ್ತದೆ, ಉಸಿರು ಸಾಲದಾಗಿರುತ್ತದೆ, ಅಥವಾ ಮೂತ್ರದ ಮಾತ್ರೆ ನುಂಗಿರುವುದರಿಂದ ಶೌಚಾಲಯದ ಚಿಂತೆ ಕಾಡುತ್ತಿರುತ್ತದೆ. ಮಗನ ಖರ್ಚಿನಲ್ಲಿ ಸಾವಿರಾರು ಮೈಲಿ ಹಾರಿಬಂದವರು ನೋವು ಎಂದು ಬಾಯಿಬಿಟ್ಟು ಹೇಳುವುದಿಲ್ಲ.

ನನ್ನ ತಂದೆಯವರ ಕಾಲಿನ ರಕ್ತನಾಳಗಳು ಕಿರಿದಾಗಿವೆ. ಇನ್ನೂರು ಮೀಟರ್ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ. ಐದು ನಿಮಿಷ ನಿಂತರೆ ಬಿಡುತ್ತದೆ. ಮತ್ತೆ ಇನ್ನೂರು ಮೀಟರ್. ತಾಯಿಗೆ ಮಧುಮೇಹ, ದಿನಕ್ಕೆರಡು ಸಲ ಇನ್ಸುಲಿನ್. ಅವರಿಬ್ಬರನ್ನೂ ಹತ್ತು ವರ್ಷದ ಮಗಳನ್ನೂ ಲಂಡನ್ನಿಗೆ ಕರೆದೊಯ್ಯಬೇಕೆಂದು ಹೊರಟಾಗ ಪತ್ನಿಗೆ ಆ ವಾರಾಂತ್ಯ ಆಸ್ಪತ್ರೆಯ ಕರ್ತವ್ಯವಿತ್ತು. ಕೈಯಲ್ಲಿದ್ದುದು ತಂಗುವುದಕ್ಕೂ ಓಡಾಟಕ್ಕೂ ಸೇರಿ ಸುಮಾರು 800 ಪೌಂಡ್. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ನಮ್ಮ ತಂದೆಯವರ ಬದುಕಿನ ಶಾಸನ. ಅರಸೀಕೆರೆಯ ಸಹಕಾರ ಸಂಘವೊಂದರಲ್ಲಿ ಮೂವತ್ತು ವರ್ಷ ಲೆಕ್ಕಪತ್ರ ಬರೆದವರು. "ಊರ ಹೊರಗೆ ಅಗ್ಗದ ರೂಮು ನೋಡಪ್ಪ, ಮಲಗುವುದಕ್ಕೆ ತಾನೆ" ಎಂದರು. ತಾಯಿಗೆ ಹೋಟೆಲೆಂದರೆ ಇಂದಿಗೂ ಇಡ್ಲಿ ಕಾಫಿ ಸಿಗುವ ಸ್ಥಳ, ತಂಗುವುದಕ್ಕೆ ಲಾಡ್ಜು. ಅವರು ಕೇಳಿದ್ದು ಒಂದೇ: "ಅಲ್ಲಿ ಕಾಫಿ ಚೆನ್ನಾಗಿರುತ್ತಾ?"

ನಾನು ಒಂದು ಹಾಳೆಯಲ್ಲಿ ಎರಡು ಅಂಕಣ ಬರೆದು ತಂದೆಯವರ ಮುಂದಿಟ್ಟೆ.

ಮೊದಲನೆಯ ಅಂಕಣ ಹೊರವಲಯದ ಹೋಟೆಲಿನದು. ಕೋಣೆಗೆ ರಾತ್ರಿಗೆ 85 ಪೌಂಡ್, ಎರಡು ಕೋಣೆ, ನಾಲ್ಕು ರಾತ್ರಿ: 680. ಮೂವರು ದೊಡ್ಡವರ ರೈಲು ಖರ್ಚು ದಿನಕ್ಕೆ ಸುಮಾರು 36 ಪೌಂಡ್‌ನಂತೆ ನಾಲ್ಕು ದಿನಕ್ಕೆ 144. ಒಟ್ಟು 824.

ಎರಡನೆಯದು ಲಂಡನ್ ಗೋಪುರದ ಸಮೀಪದ, ಹೆಸರಾಂತ ದರ್ಜೆಯ ಹೋಟೆಲಿನದು. ಕೋಣೆಗೆ 175 ಪೌಂಡ್, ಎರಡು ಕೋಣೆ, ಶನಿವಾರ ಮತ್ತು ಭಾನುವಾರ ಎರಡೇ ರಾತ್ರಿ: 700. ಓಡಾಟವೆಲ್ಲ ಬಹುತೇಕ ಬಸ್ಸಿನಲ್ಲಿ. ಮೂವರಿಗೆ ದಿನಕ್ಕೆ ಸುಮಾರು 16 ಪೌಂಡ್, ಮೂರು ದಿನಕ್ಕೆ 48. ಒಟ್ಟು 748.

ತಂದೆಯವರು ಕನ್ನಡಕ ಹಾಕಿಕೊಂಡು ಕೂಡುವ ಲೆಕ್ಕವನ್ನು ಮೊದಲಿನಿಂದ ಪರೀಕ್ಷಿಸಿದರು. "ಕೂಡಿದ್ದು ಸರಿ. ಆದರೆ ಅಲ್ಲಿ ನಾಲ್ಕು ರಾತ್ರಿ, ಇಲ್ಲಿ ಎರಡು. ಸಮನಲ್ಲದ್ದನ್ನು ಹೋಲಿಸಿದ್ದೀಯ" ಎಂದರು. ಆಗ ನಾನು ಮೂರನೆಯ ಸಾಲು ಬರೆದೆ: ಎಷ್ಟು ಸುತ್ತು ನೋಡಬಹುದು? ಹೊರವಲಯದಿಂದ ಬೆಳಿಗ್ಗೆ ಹೊರಟು, ಒಂದು ಗಂಟೆ ರೈಲಿನಲ್ಲಿ ಕಳೆದು, ಒಂದು ಸ್ಥಳ ನೋಡುವ ಹೊತ್ತಿಗೆ ಹಿರಿಯರ ಶಕ್ತಿ ಮುಗಿದಿರುತ್ತದೆ. ನಡುವೆ ಮಲಗಲು ಜಾಗವಿಲ್ಲ. ಹಾಗಾಗಿ ದಿನಕ್ಕೆ ಒಂದೇ ಸುತ್ತು. ನಾಲ್ಕು ದಿನಕ್ಕೆ ನಾಲ್ಕು. ಊರ ನಡುವಿನಿಂದಾದರೆ ಬೆಳಿಗ್ಗೆ ಒಂದು ಸುತ್ತು, ಮಧ್ಯಾಹ್ನ ಕೋಣೆಗೆ ಮರಳಿ ಊಟ, ಔಷಧ, ಒಂದು ಗಂಟೆ ನಿದ್ದೆ, ನಾಲ್ಕಕ್ಕೆ ಮತ್ತೊಂದು ಸುತ್ತು. ಶನಿವಾರ ಸಂಜೆ ಒಂದು, ಭಾನುವಾರ ಎರಡು, ಸೋಮವಾರ ಬೆಳಿಗ್ಗೆ ಒಂದು: ಅಲ್ಲಿಗೂ ನಾಲ್ಕೇ. ಅಲ್ಲಿ ಸುತ್ತಿಗೆ 206 ಪೌಂಡ್, ಇಲ್ಲಿ 187. ತಂದೆಯವರು ಭಾಗಿಸಿ ನೋಡಿ, ಹಾಳೆಯ ಕೆಳಗೆ ತಮ್ಮ ಹಳೆಯ ಅಭ್ಯಾಸದಂತೆ ಒಂದು ಸಣ್ಣ ಸಹಿ ಹಾಕಿದರು.

ಈ ಲೇಖನದಲ್ಲಿ ನಾನು ಹೇಳಬೇಕಾದ ಮುಖ್ಯ ಮಾತು ಇಷ್ಟೆ. ಹಿರಿಯರೊಡನೆ ಹೋಗುವಾಗ ಹೋಟೆಲಿನ ಬೆಲೆಯನ್ನು ರಾತ್ರಿಗಳಲ್ಲಿ ಎಣಿಸಬಾರದು, ಅವರ ಶಕ್ತಿ ಎಷ್ಟು ಸುತ್ತುಗಳಿಗೆ ಸಾಲುತ್ತದೆ ಎಂಬುದರಲ್ಲಿ ಎಣಿಸಬೇಕು. ಊರ ನಡುವಿನ ಒಳ್ಳೆಯ ಹೋಟೆಲಿನಲ್ಲಿ ನಾವು ಕೊಳ್ಳುವುದು ಅಮೃತಶಿಲೆಯ ಹಜಾರವನ್ನಲ್ಲ, ಮಧ್ಯಾಹ್ನದ ಒಂದು ಗಂಟೆಯ ನಿದ್ದೆಯನ್ನು.

ಇನ್ನು, ಅಂಥ ಹೋಟೆಲು ಕೈಗೆಟಕುವ ಬೆಲೆಗೆ ದೊರೆಯುವ ದಾರಿಗಳು. ಗೋಪುರದಿಂದ ಸೇಂಟ್ ಪಾಲ್ಸ್ ಕೆಥೆಡ್ರಲ್ಲಿನವರೆಗಿನ ಪ್ರದೇಶ ಬ್ಯಾಂಕುಗಳ, ವ್ಯಾಪಾರ ಕಚೇರಿಗಳ ನೆಲೆ. ವಾರದ ದಿನಗಳಲ್ಲಿ ಅಲ್ಲಿನ ಹೋಟೆಲುಗಳು ಕಚೇರಿಯ ಖರ್ಚಿನಲ್ಲಿ ಬಂದವರಿಂದ ತುಂಬಿರುತ್ತವೆ. ವಾರಾಂತ್ಯದಲ್ಲಿ ಅವರು ಮನೆಗೆ ಮರಳುತ್ತಾರೆ, ಬೆಲೆಯೂ ಸಾಮಾನ್ಯವಾಗಿ ಇಳಿಯುತ್ತದೆ. ಭಾನುವಾರದ ರಾತ್ರಿ ಹಲವು ಸಲ ಇನ್ನೂ ಅಗ್ಗ. ನಾಟಕಶಾಲೆಗಳೂ ಅಂಗಡಿಗಳೂ ತುಂಬಿರುವ ವೆಸ್ಟ್ ಎಂಡ್‌ನಲ್ಲಿ ಶನಿವಾರದ ರಾತ್ರಿಯೇ ದುಬಾರಿ. ಆದ್ದರಿಂದ ಮೊದಲು ದಿನ ನಿಶ್ಚಯಿಸಿ ಆಮೇಲೆ ಪ್ರದೇಶ ಹುಡುಕುವುದು ಲೇಸು. ಶಾಲೆಗಳ ರಜೆ ಮತ್ತು ವಿಂಬಲ್ಡನ್ ಪಂದ್ಯಗಳ ವಾರಗಳನ್ನು ಬಿಡುವುದು ಇನ್ನೂ ಲೇಸು.

ಹಣವನ್ನು ಮುಂಗಡ ಕಟ್ಟಿ ಹಿಂದಿರುಗಿ ಪಡೆಯಲಾಗದ ದರ ಅಗ್ಗವಾಗಿ ಕಾಣುತ್ತದೆ. ಹಿರಿಯರ ವಿಷಯದಲ್ಲಿ ನಾನು ಅದನ್ನು ಆರಿಸುವುದಿಲ್ಲ. ಒಂದು ಜ್ವರ, ಒಂದು ಊದಿದ ಮಂಡಿ ಸಾಕು, ಎಲ್ಲ ಹಣವೂ ಹೋಯಿತು. ರದ್ದು ಮಾಡಬಹುದಾದ ದರದಲ್ಲಿ ಬೇಗನೆ ಕಾದಿರಿಸಿ, ಎರಡು ವಾರ ಮುಂಚೆ ಮತ್ತೊಮ್ಮೆ ಬೆಲೆ ನೋಡುವುದು ನನ್ನ ಕ್ರಮ. ಇಳಿದಿದ್ದರೆ ಹಳೆಯದನ್ನು ಬಿಟ್ಟು ಹೊಸದಾಗಿ ಹಿಡಿಯುತ್ತೇನೆ. ದೊಡ್ಡ ಹೋಟೆಲುಗಳ ಬೆಳಗಿನ ಉಪಾಹಾರವನ್ನು ಸೇರಿಸಿಕೊಂಡರೆ ನಾಲ್ವರ ಲೆಕ್ಕ ಬೆಟ್ಟದಂತೆ ಬೆಳೆಯುತ್ತದೆ. ಇಲ್ಲಿನ ಕೋಣೆಗಳಲ್ಲಿ ನೀರು ಕಾಯಿಸುವ ಕೆಟಲ್ ಇದ್ದೇ ಇರುತ್ತದೆ. ತೆಳು ಅವಲಕ್ಕಿ, ಒಂದು ಡಬ್ಬ ಒಗ್ಗರಣೆ ಹಾಕಿದ ಗೊಜ್ಜಿನ ಪುಡಿ, ಪಕ್ಕದ ಅಂಗಡಿಯ ಮೊಸರು, ಬಾಳೆಹಣ್ಣು. ಮಧುಮೇಹದವರಿಗೆ ಹೊತ್ತಿಗೆ ಸರಿಯಾಗಿ ಪರಿಚಿತ ಆಹಾರ ಸಿಕ್ಕಿದಂತೆಯೂ ಆಯಿತು. ತಾಯಿ ತಮ್ಮ ಫಿಲ್ಟರನ್ನೂ ಕಾಫಿಪುಡಿಯನ್ನೂ ತಂದಿದ್ದರು. ಹೋಟೆಲಿನ ಕಾಫಿಯ ಪ್ರಶ್ನೆ ಅಲ್ಲಿಗೆ ಇತ್ಯರ್ಥವಾಯಿತು.

ನಕ್ಷೆಯಲ್ಲಿ "ಅರ್ಧ ಮೈಲಿ" ಎಂದಿರುವುದನ್ನು ನಂಬಿ ಕೂರಬಾರದು. ಅದು ಹಲವು ಸಲ ಹಕ್ಕಿ ಹಾರುವ ದೂರ. ನಡುವೆ ನದಿಯಿದ್ದರೆ ಸೇತುವೆಯವರೆಗೆ ನಡೆದು ಮರಳಬೇಕು. ನಡಿಗೆಯ ದಾರಿಯನ್ನೇ ಅಳೆದು ನೋಡಿ. ಹೋಟೆಲಿನ ಬಾಗಿಲಿನಿಂದ ಬಸ್ ನಿಲ್ದಾಣ ಎಷ್ಟು ಹೆಜ್ಜೆ ಎಂಬುದು ನಕ್ಷತ್ರಗಳ ಸಂಖ್ಯೆಗಿಂತ ಮುಖ್ಯ. ಲಂಡನ್ನಿನ ಬಸ್ಸುಗಳ ನೆಲ ತಗ್ಗಾಗಿದ್ದು, ಗಾಲಿಕುರ್ಚಿ ಹತ್ತಿಸುವ ಹಲಗೆಯೂ ಇರುತ್ತದೆ. ಭೂಗತ ರೈಲಿನ ಹಳೆಯ ನಿಲ್ದಾಣಗಳಲ್ಲಿ ಮೆಟ್ಟಿಲುಗಳ ಕಾಟ ಹೆಚ್ಚು. ಟವರ್ ಹಿಲ್ ಮತ್ತು ವೆಸ್ಟ್‌ಮಿನ್‌ಸ್ಟರ್ ನಿಲ್ದಾಣಗಳಲ್ಲಿ ಲಿಫ್ಟ್ ಇದೆ. 2022ರಲ್ಲಿ ಆರಂಭವಾದ ಎಲಿಜಬೆತ್ ಮಾರ್ಗದ ಎಲ್ಲ ನಿಲ್ದಾಣಗಳಲ್ಲಿಯೂ ಮೆಟ್ಟಿಲು ಹತ್ತದೆ ಪ್ಲಾಟ್‌ಫಾರ್ಮ್ ತಲುಪಬಹುದು. ಹನ್ನೊಂದು ತುಂಬದ ಮಕ್ಕಳಿಗೆ ದೊಡ್ಡವರ ಜೊತೆಯಲ್ಲಿ ಬಸ್ಸೂ ಭೂಗತ ರೈಲೂ ಉಚಿತ.

ಕಾದಿರಿಸಿದ ಮೇಲೆ ಹೋಟೆಲಿಗೆ ಒಂದು ದೂರವಾಣಿ ಕರೆ ಮಾಡಿ ಮೂರು ಮಾತು ಕೇಳುತ್ತೇನೆ. ಲಿಫ್ಟಿಗೆ ಸಮೀಪದ ಕೋಣೆ ಕೊಡುವಿರಾ? ಬಾತ್‌ಟಬ್ ಇಲ್ಲದೆ, ನೇರವಾಗಿ ಕಾಲಿಟ್ಟು ನಿಲ್ಲುವ ಷವರ್ ಇದೆಯೇ? ಇನ್ಸುಲಿನ್ ಇಡಲು ನಿಜವಾದ ಫ್ರಿಜ್ ಸಿಗುವುದೇ? ಎರಡನೆಯ ಪ್ರಶ್ನೆಗೆ ಕಾರಣವಿದೆ: ಟಬ್ಬಿನ ಎತ್ತರದ ಅಂಚನ್ನು ಒದ್ದೆ ಕಾಲಿನಲ್ಲಿ ದಾಟುವಾಗ ಹಿರಿಯರು ಜಾರುತ್ತಾರೆ. ಸೊಂಟದ ಮೂಳೆ ಮುರಿದರೆ ಪ್ರವಾಸ ಅಲ್ಲಿಗೆ ಮುಗಿಯಿತು. ಸಂದರ್ಶಕರ ವೀಸಾದಲ್ಲಿ ಬಂದವರನ್ನು ಆಸ್ಪತ್ರೆಗೆ ಸೇರಿಸಿಕೊಂಡರೆ ಇಂಗ್ಲೆಂಡಿನಲ್ಲಿ ಎನ್‌ಎಚ್‌ಎಸ್ ದರದ ಶೇ. 150ರಷ್ಟು ಶುಲ್ಕ ತೆರಬೇಕಾಗಬಹುದು; ಪ್ರವಾಸ ವಿಮೆ ಮಾಡಿಸದೆ ಯಾರನ್ನೂ ಕರೆಸಬೇಡಿ. ಮೂರನೆಯದರ ವಿಷಯ: ತೆರೆಯದ ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಬೇಕು. ಕೋಣೆಯ ಪುಟ್ಟ ಮಿನಿಬಾರ್ ಕೆಲವೊಮ್ಮೆ ಸಾಕಷ್ಟು ತಂಪಾಗುವುದಿಲ್ಲ, ಕೆಲವೊಮ್ಮೆ ಹೆಪ್ಪುಗಟ್ಟಿಸುತ್ತದೆ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಬಳಸಬಾರದು. ಬಳಕೆಯಲ್ಲಿರುವ ಪೆನ್ನು ಸಾಮಾನ್ಯವಾಗಿ ನಾಲ್ಕು ವಾರ ಕೋಣೆಯ ಉಷ್ಣತೆಯಲ್ಲಿ ಇರಬಲ್ಲದು. ಔಷಧದ ಜೊತೆಗಿನ ಚೀಟಿ ಓದಿ ಖಚಿತಪಡಿಸಿಕೊಳ್ಳಿ. ರಾತ್ರಿ ಸ್ನಾನಗೃಹದ ದೀಪ ಉರಿಯುತ್ತಿರಲಿ. ಹೊಸ ಕೋಣೆಯ ಕತ್ತಲೆಯಲ್ಲಿ ಮನೆಯ ದಿಕ್ಕನ್ನು ನೆನೆದು ಎದ್ದು ಗೋಡೆಗೆ ಹಾಯುವವರು ಬಹಳ.

ನಮ್ಮ ನಾಲ್ಕು ಸುತ್ತುಗಳು ಹೀಗೆ ನಡೆದವು. ಶನಿವಾರ ಸಂಜೆ ಟವರ್ ಬ್ರಿಡ್ಜ್ ಪಕ್ಕದ ನದೀದಂಡೆ. ಅಲ್ಲಿ ಬೆಂಚುಗಳು ಧಾರಾಳ. ಭಾನುವಾರ ಬೆಳಿಗ್ಗೆ ಗೋಪುರದೊಳಗಿನ ರಾಜಾಭರಣಗಳು. ಒಳಗೆಲ್ಲ ಕಲ್ಲುಹಾಸು, ಮೆಟ್ಟಿಲು. ವೈಟ್ ಟವರನ್ನು ಬಿಟ್ಟೆವು. ಕಿರೀಟಗಳ ಮುಂದೆ ಮಾತ್ರ ನಿಂತವರನ್ನು ತಾನೇ ಸಾಗಿಸುವ ಪಟ್ಟಿಯಿದೆ. ಕೊಹಿನೂರ್ ನೋಡಿ ತಾಯಿ, "ಇಷ್ಟೇನಾ?" ಎಂದರು. ಮಧ್ಯಾಹ್ನ ಇಬ್ಬರೂ ಗೊರಕೆ ಹೊಡೆದು ಮಲಗಿದರು. ಸಂಜೆ 15ನೆಯ ಸಂಖ್ಯೆಯ ಬಸ್ಸಿನಲ್ಲಿ ಸೇಂಟ್ ಪಾಲ್ಸ್ ಮುಂದೆ ಹಾದು ಟ್ರಫಾಲ್ಗರ್ ಚೌಕದ ಕಡೆಗೆ. ಕೆಳಗಿನ ಅಂತಸ್ತಿನ ಕಿಟಕಿಯ ಪಕ್ಕ ಕುಳಿತೇ ಅರ್ಧ ಲಂಡನ್ ನೋಡಿದಂತಾಯಿತು. ಟಿಪ್ಪುವಿನ ಮರದ ಹುಲಿಯಿರುವ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂ ಊರಿನ ಪಶ್ಚಿಮಕ್ಕಿದೆ. ಮಗಳಿಗೆ ಆಸೆಯಿತ್ತು, ಅದನ್ನು ಬೇರೊಂದು ದಿನಕ್ಕೆ ಇಟ್ಟೆವು. ಒಂದು ಪ್ರವಾಸಕ್ಕೆ ಒಂದೇ ದಿಕ್ಕು ಎಂಬುದು ನಾನು ಪಾಲಿಸುವ ನಿಯಮ.

ಸೋಮವಾರದ ಸುತ್ತು ತಂದೆಯವರದು. ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಬಸವೇಶ್ವರರ ಪ್ರತಿಮೆಯಿದೆ. ಲ್ಯಾಂಬೆತ್‌ನ ಮೇಯರ್ ಆಗಿದ್ದ, ವೃತ್ತಿಯಲ್ಲಿ ವೈದ್ಯರೂ ಆದ ಕನ್ನಡಿಗ ಡಾ. ನೀರಜ್ ಪಾಟೀಲರ ಪ್ರಯತ್ನದಿಂದ ನೆಲೆಗೊಂಡ ಅದನ್ನು 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣ ಮಾಡಿದರು. ವೆಸ್ಟ್‌ಮಿನ್‌ಸ್ಟರ್‌ವರೆಗೆ ರೈಲು, ಅಲ್ಲಿಂದ ಟ್ಯಾಕ್ಸಿ. ಉಳಿಸಿದ ಹಣ ಅಲ್ಲಿ ಉಪಯೋಗಕ್ಕೆ ಬಂದಿತು. ತಂದೆಯವರು ನಿದ್ದೆ ಮಾಡಿ ಎದ್ದ ಕಾಲಿನಲ್ಲಿದ್ದರು. ಕಾರಿನಿಂದಿಳಿದು ಪ್ರತಿಮೆಯವರೆಗೆ ತಾವೇ ನಡೆದರು. ಕಾಯಕ, ದಾಸೋಹ ಎಂಬ ಎರಡು ಪದಗಳ ಅರ್ಥವನ್ನು ಮೊಮ್ಮಗಳಿಗೆ ನಿಂತೇ ವಿವರಿಸಿದರು. ಅವಳು ಇಂಗ್ಲಿಷಿನಲ್ಲಿ ಕೇಳಿದಳು, ಅವರು ಕನ್ನಡದಲ್ಲಿ ಉತ್ತರಿಸಿದರು; ಇಬ್ಬರಿಗೂ ತೊಡಕಾಗಲಿಲ್ಲ. ಆ ಮೂರು ದಿನಗಳಲ್ಲಿ "ನೀವು ಹೋಗಿ ಬನ್ನಿ" ಎಂಬ ಮಾತು ಅವರ ಬಾಯಿಂದ ಒಮ್ಮೆಯೂ ಬರಲಿಲ್ಲ.

ಮರುವರ್ಷ ಅವರ ಕಾಲಿನ ತೊಂದರೆ ಹೆಚ್ಚಿತು. ದೀರ್ಘ ವಿಮಾನ ಪ್ರಯಾಣ ಬೇಡವೆಂದು ನಾವೆಲ್ಲ ಕೂಡಿ ನಿರ್ಧರಿಸಿದೆವು. ಆ ನಾಲ್ಕು ಸುತ್ತುಗಳೇ ಅವರ ಲಂಡನ್. ಈಗ ಬೇಸಿಗೆಯಲ್ಲಿ ನಾವೇ ಅರಸೀಕೆರೆಗೆ ಹೋಗುತ್ತೇವೆ.

ಈ ಬೇಸಿಗೆಯಲ್ಲಿ ಹಿರಿಯರನ್ನು ಬರಮಾಡಿಕೊಳ್ಳುವ ಸದಸ್ಯರಿಗೆ ಕೊನೆಯದಾಗಿ ಒಂದು ಸಲಹೆ. "ಅಪ್ಪಾ, ಎಷ್ಟು ದೂರ ನಡೆಯಬಲ್ಲಿರಿ?" ಎಂದು ಕೇಳಬೇಡಿ, "ಎಷ್ಟು ಬೇಕಾದರೂ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಓದುವಾಗ ನಮ್ಮ ಗುರುಗಳೊಬ್ಬರು ರೋಗಿಗಳಲ್ಲಿ ಕೇಳುತ್ತಿದ್ದ ಪ್ರಶ್ನೆಯನ್ನು ನೀವೂ ಕೇಳಿ: "ಮನೆಯಿಂದ ದೇವಸ್ಥಾನಕ್ಕೆ ಹೋಗುವಾಗ ದಾರಿಯಲ್ಲಿ ಎಲ್ಲಿ ಕೂರುತ್ತೀರಿ?" ಅಂಗಡಿಯ ಜಗಲಿಯೋ, ಅರಳಿಕಟ್ಟೆಯೋ, ಯಾರದೋ ಮನೆಯ ಕಟ್ಟೆಯೋ, ಅವರು ಸಹಜವಾಗಿ ಹೇಳಿಬಿಡುತ್ತಾರೆ. ಮನೆಯಿಂದ ಆ ಕಟ್ಟೆಯವರೆಗಿನ ದೂರವನ್ನು ಅಳೆಯಿರಿ. ಹೋಟೆಲಿನ ಬಾಗಿಲಿಗೂ ಬಸ್ ನಿಲ್ದಾಣಕ್ಕೂ ನಡುವೆ ಅದಕ್ಕಿಂತ ಹೆಚ್ಚು ಇರದಂತೆ ನೋಡಿಕೊಳ್ಳಿ.